ಮೈಲಿಗೆ ಎಲ್ಲಿದೆ: 1857ರ ತೋಟಾ ಎತ್ತಿದ ಪ್ರಶ್ನೆ

ಒಂದು ಈಡಿಗೆ ಬೇಕಾದಷ್ಟು ಮದ್ದು, ಒಂದು ಸೀಸದ ಗುಂಡು, ಎರಡನ್ನೂ ಸುತ್ತಿದ ಕಾಗದ: ಕೋವಿಯ ಬಾಯಿಯಿಂದಲೇ ಮದ್ದು ತುಂಬುತ್ತಿದ್ದ ಕಾಲದ ತೋಟಾ ಎಂದರೆ ಇಷ್ಟೇ. ಈ ಸುರುಳಿಯ ತುದಿಗೆ ಹಚ್ಚಿದ ಜಿಡ್ಡು ಹಸುವಿನ ಕೊಬ್ಬೋ ಹಂದಿಯ ಕೊಬ್ಬೋ ಎಂಬ ಸಂಶಯದಿಂದ 1857ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯ ತಿರುಗಿಬಿದ್ದಿತು ಎಂಬುದು ಶಾಲೆಯ ಪಾಠದಿಂದಲೇ ಎಲ್ಲರಿಗೂ ಗೊತ್ತು. ದಂಗೆಯ ಕಾರಣಗಳ ಪಟ್ಟಿಯಲ್ಲಿ ಅದಕ್ಕೆ ಒಂದು ಸಾಲು ಸಿಗುತ್ತದೆ. ಆಮೇಲೆ ಚರ್ಚೆ ಭೂಕಂದಾಯದ ಕಡೆಗೆ, ಅವಧ್ ರಾಜ್ಯವನ್ನು ಕಂಪನಿ ನುಂಗಿದ ಕಡೆಗೆ ಹೊರಳುತ್ತದೆ. ಆದರೆ ಆ ಒಂದು ಸಾಲಿನಲ್ಲಿ ಧರ್ಮಜಿಜ್ಞಾಸೆಯ ಗಟ್ಟಿ ಪ್ರಶ್ನೆಯೊಂದಿದೆ. ಮೈಲಿಗೆ ವಸ್ತುವಿನ ಗುಣವೋ, ಅದನ್ನು ಬಾಯಿಗಿಟ್ಟವನ ಅರಿವಿಗೆ ಸೇರಿದ್ದೋ, ಸುತ್ತಲಿನವರು ಕೊಡುವ ತೀರ್ಪೋ? ಈ ಮೂರೂ ಸಾಮಾನ್ಯವಾಗಿ ಒಂದಕ್ಕೊಂದು ಹೆಣೆದುಕೊಂಡೇ ಇರುತ್ತವೆ. ತೋಟಾದ ಪ್ರಕರಣದಲ್ಲಿ ಮಾತ್ರ ಅವು ಬೇರೆ ಬೇರೆಯಾಗಿ ಕಾಣುತ್ತವೆ. ಅಲ್ಲಿ ಕೊಬ್ಬಿದ್ದ ತೋಟಾವನ್ನು ಸಿಪಾಯಿಗಳು ತಕರಾರಿಲ್ಲದೆ ಹೊತ್ತರು. ಕೊಬ್ಬಿಲ್ಲದ ತೋಟಾವನ್ನು ಮುಟ್ಟಲೊಲ್ಲದೆ ಕೈಕಾಲಿಗೆ ಬೇಡಿ ಹಾಕಿಸಿಕೊಂಡರು.

ಜಿಡ್ಡು ಬೇಕಾದದ್ದು ಏಕೆಂಬುದು ಮೊದಲ ವಿಚಾರ. ಹಳೆಯ ಬ್ರೌನ್ ಬೆಸ್ ಮಸ್ಕೆಟ್ಟಿನ ನಳಿಗೆಯ ಒಳಮೈ ನುಣುಪು. ಅದರ ಒಳ ಅಳತೆ ಸುಮಾರು 19 ಮಿಲಿಮೀಟರ್, ಗುಂಡಿನದು ಸುಮಾರು 17.5. ಅಷ್ಟು ಸಡಿಲವಿದ್ದುದರಿಂದ ಗುಂಡು ಸಲೀಸಾಗಿ ಬುಡ ಸೇರುತ್ತಿತ್ತು. ನೂರು ಗಜ ದಾಟಿದರೆ ಗುರಿಯೂ ಅಷ್ಟೇ ಸಡಿಲ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್‌ನ 39 ಅಂಗುಲದ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಮೂರು ತೋಡುಗಳಿದ್ದವು. ನಳಿಗೆಯ ಒಳ ಅಳತೆ 0.577 ಅಂಗುಲ, ಗುಂಡಿನದು 0.568. ನಡುವಿನ ಜಾಗ ಮಿಲಿಮೀಟರಿನ ಕಾಲು ಭಾಗಕ್ಕೂ ಕಡಿಮೆ. ಮದ್ದು ಹೊತ್ತಿಕೊಂಡಾಗ ಗುಂಡಿನ ಟೊಳ್ಳು ಬುಡ ಅರಳಿ ತೋಡುಗಳನ್ನು ಕಚ್ಚಿಕೊಳ್ಳುತ್ತಿತ್ತು, ತಿರುಗುತ್ತ ಹೊರಬಿದ್ದ ಗುಂಡು ಹಲವು ನೂರು ಗಜದಾಚೆಗೂ ನೇರ ಹೋಗುತ್ತಿತ್ತು. ಈ ನಿಖರತೆಗೆ ತೆರಬೇಕಾದ ಬೆಲೆ ಮಸಿ. ಪೆಟ್ಲುಪ್ಪು ಮುಕ್ಕಾಲು ಪಾಲು, ಉಳಿದದ್ದು ಇದ್ದಿಲು ಮತ್ತು ಗಂಧಕ ಸೇರಿದ ಕರಿಮದ್ದು ಪೂರ್ತಿ ಹೊಗೆಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದ ಶೇಷವಾಗುತ್ತದೆ, ಅದರಲ್ಲಿ ಸಾಕಷ್ಟು ನಳಿಗೆಯಲ್ಲೇ ಅಂಟಿಕೊಳ್ಳುತ್ತದೆ. ಕೆಲವು ಈಡು ಹಾರಿಸುವಷ್ಟರಲ್ಲಿ ಆ ಮಸಿ ಗಟ್ಟಿಯಾಗಿ ಮುಂದಿನ ಗುಂಡು ಇಳಿಯದಂತಾಗುತ್ತದೆ. ಗುಂಡಿನ ಸುತ್ತಲಿನ ಕಾಗದಕ್ಕೆ ಜಿಡ್ಡು ಹಚ್ಚಿದ್ದರೆ ಮಸಿ ಮೆದುವಾಗುತ್ತದೆ, ಗುಂಡು ಜಾರುತ್ತದೆ.

ಇದೇ ಅಳತೆಯ ಬಾಯಿಯ ಗಿಡ್ಡ ಕೋವಿಗಳೂ ಇದ್ದವು: ಫಿರಂಗಿ ದಳದವರಿಗೆ 24 ಅಂಗುಲದ್ದು, ಕುದುರೆ ದಳದವರಿಗೆ 21 ಅಂಗುಲದ್ದು. ಉದ್ದ ರೈಫಲ್ಲಿಗೆ ಎರಡೂವರೆ ಡ್ರಾಮ್, ಅಂದರೆ ಸುಮಾರು 4.4 ಗ್ರಾಂ ಮದ್ದು. ಗಿಡ್ಡ ಕಾರ್ಬೈನಿಗೆ ಎರಡೇ ಡ್ರಾಮ್. ಗಿಡ್ಡ ನಳಿಗೆಯಲ್ಲಿ ಮದ್ದು ಉರಿದು ಮುಗಿಯುವ ಮೊದಲೇ ಗುಂಡು ಹೊರಟುಹೋಗುತ್ತದೆ, ಮಿಕ್ಕ ಮದ್ದು ಬಾಯಲ್ಲಿ ಬೆಂಕಿಯಾಗಿ ವ್ಯರ್ಥ, ಜೊತೆಗೆ ಹಗುರ ಕೋವಿಯ ಒದೆತ. ಮದ್ದಿನ ವಿಷಯದಲ್ಲಿ ಅರ್ಧ ಡ್ರಾಮಿನ ಲೆಕ್ಕವನ್ನೂ ಬಿಡದ ಮದ್ದುಗುಂಡು ಇಲಾಖೆ, ಜಿಡ್ಡಿನ ವಿಷಯದಲ್ಲಿ ಕೇಳಿಕೊಂಡದ್ದು ಒಂದೇ: ಹಿಂದೂಸ್ಥಾನದ ಸೆಕೆಗೆ ಅದು ಕರಗುತ್ತದೆಯೇ? ಯಾವ ಪ್ರಾಣಿಯದು ಎಂದು ಕೇಳಿಕೊಳ್ಳಲಿಲ್ಲ. ಈ ಮರೆವು ಮುಂದೆ ಆ ಇಲಾಖೆಯ ಅಧಿಕಾರಿಗಳ ಹೇಳಿಕೆಗಳಲ್ಲೇ ಹೊರಬಿತ್ತು. ಕೊಬ್ಬು ಒದಗಿಸುವವರಿಗೆ ಇಂಥದ್ದೇ ಪ್ರಾಣಿಯದು ಬೇಕೆಂದು ಯಾರೂ ಷರತ್ತು ಹಾಕಿರಲಿಲ್ಲ.

ಮದ್ದು ತುಂಬುವ ಕ್ರಮವನ್ನೂ ಗಮನಿಸಬೇಕು. ಸಿಪಾಯಿ ತೋಟಾದ ಮದ್ದಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಾನೆ, ಮದ್ದನ್ನು ನಳಿಗೆಗೆ ಸುರಿಯುತ್ತಾನೆ, ಸುರುಳಿಯನ್ನು ತಿರುಗಿಸಿ ಗುಂಡಿರುವ ತುದಿಯನ್ನು ನಳಿಗೆಯ ಬಾಯಿಗಿಟ್ಟು, ಮಿಕ್ಕ ಕಾಗದ ಕಿತ್ತೆಸೆದು ಗಜದಿಂದ ಜಡಿಯುತ್ತಾನೆ. ಇದರಂತೆ ಜಿಡ್ಡು ಇರುವುದು ಗುಂಡಿನ ತುದಿಗೆ, ಹಲ್ಲು ತಾಗುವುದು ಅದರ ವಿರುದ್ಧ ತುದಿಗೆ. ಸರಿಯಾಗಿ ಮಾಡಿದ ತೋಟಾದಲ್ಲಿ ಕೊಬ್ಬು ತುಟಿಗೆ ತಾಗಲೇಬೇಕೆಂದಿಲ್ಲ. ಕೆಲವು ಇಂಗ್ಲಿಷ್ ಲೇಖಕರು ಇದನ್ನೇ ಹಿಡಿದು ಸಿಪಾಯಿಗಳ ಭಯವನ್ನು ಹಗುರ ಮಾಡಿದರು. ಆದರೆ ಹತ್ತು ಹತ್ತರ ಕಟ್ಟಿನಲ್ಲಿ ಕಟ್ಟಿ ಉತ್ತರದ ಬೇಸಗೆಯಲ್ಲಿ ಚೀಲದೊಳಗೆ ಹೊತ್ತ ತೋಟಾದ ಜಿಡ್ಡು ತನ್ನ ತುದಿಯಲ್ಲೇ ನಿಲ್ಲುವುದಿಲ್ಲ. ಜಿಡ್ಡಿನ ತುದಿಯನ್ನು ಹಿಡಿದ ಬೆರಳೇ ಊಟಕ್ಕೂ ಬರುವ ಬೆರಳು. ಮಡಿ ಮೈಲಿಗೆಯ ಲೆಕ್ಕ ಇಷ್ಟಕ್ಕೆಲ್ಲ ಸಾಲುತ್ತದೆ.

ಜಿಡ್ಡಿನ ತೋಟಾ ಮೊದಲು ಭಾರತಕ್ಕೆ ಬಂದದ್ದು 1853ರಲ್ಲಿ, ಹವೆಯ ಪರೀಕ್ಷೆಗೆಂದು. ಪ್ರಾಣಿಕೊಬ್ಬು ಬೆರೆತ ಆ ತೋಟಾಗಳನ್ನು ಸಿಪಾಯಿಗಳ ಚೀಲಗಳಲ್ಲಿಟ್ಟು ತಿಂಗಳುಗಟ್ಟಲೆ ಹೊರಿಸಲಾಯಿತು. ಬಂಗಾಳ ಸೈನ್ಯದ ಅಡ್ಜುಟೆಂಟ್ ಜನರಲ್ ಕರ್ನಲ್ ಟಕ್ಕರ್ ಅದೇ ವರ್ಷದ ಡಿಸೆಂಬರಿನಲ್ಲಿ, ಜಿಡ್ಡು ಜಾತಿಗೆ ಅಡ್ಡಿ ತರುವಂಥದ್ದಲ್ಲ ಎಂದು ಖಾತ್ರಿಯಾಗುವವರೆಗೆ ಇದನ್ನು ದೇಶೀ ಪಡೆಗಳಿಗೆ ಕೊಡಬಾರದೆಂದು ಎಚ್ಚರಿಸಿ ಬರೆದ. ಕಾಗದ ಕಡತ ಸೇರಿತು. ಹೊತ್ತ ಸಿಪಾಯಿಗಳಿಂದ ಒಂದು ದೂರೂ ಬರಲಿಲ್ಲ. 1855ರಲ್ಲಿ ಪರೀಕ್ಷೆ ಮುಗಿಯಿತು, ಯಾರ ಜಾತಿಯೂ ಕೆಟ್ಟ ಸುದ್ದಿಯಿಲ್ಲ.

1857ರ ಜನವರಿಯಲ್ಲಿ ಹೊಸ ರೈಫಲ್ಲಿನ ತರಬೇತಿ ಕಲ್ಕತ್ತಾದ ಹತ್ತಿರದ ದಮ್‌ದಮ್, ಅಂಬಾಲಾ, ಸಿಯಾಲ್‌ಕೋಟ್‌ಗಳಲ್ಲಿ ಶುರುವಾಯಿತು. ದಮ್‌ದಮ್‌ನ ಮದ್ದಿನ ಮನೆಯ ಕೂಲಿಯಾಳೊಬ್ಬ ಬ್ರಾಹ್ಮಣ ಸಿಪಾಯಿಯೊಬ್ಬನ ತಂಬಿಗೆಯಿಂದ ನೀರು ಕೇಳಿದ. ಮೈಲಿಗೆಯಾಗುತ್ತದೆಂದು ಸಿಪಾಯಿ ಕೊಡಲಿಲ್ಲ. ಹಸುವಿನ ಹಂದಿಯ ಕೊಬ್ಬಿನ ತೋಟಾ ಕಚ್ಚುವ ದಿನ ಬಂತು, ಆಗ ನಿನ್ನ ಜಾತಿ ಎಲ್ಲಿರುತ್ತದೆ ನೋಡೋಣ ಎಂದು ಆ ಆಳು ಹಂಗಿಸಿದ. ಜನವರಿ 22ರಂದು ಕ್ಯಾಪ್ಟನ್ ರೈಟ್ ಇದನ್ನು ವರದಿ ಮಾಡಿದ. ಸರ್ಕಾರ ನಿಧಾನಿಸಲಿಲ್ಲ ಎಂಬುದನ್ನು ಒಪ್ಪಬೇಕು. ತಿಂಗಳು ಮುಗಿಯುವುದರೊಳಗೆ ಜಿಡ್ಡಿಲ್ಲದ ತೋಟಾ ಕೊಡುವಂತೆ, ಸಿಪಾಯಿಗಳೇ ಬಜಾರಿನಿಂದ ಜೇನುಮೇಣ ಎಣ್ಣೆ ತಂದು ಹಚ್ಚಿಕೊಳ್ಳುವಂತೆ ಆದೇಶವಾಯಿತು. ಅಷ್ಟು ಹೊತ್ತಿಗೆ ಸಂಶಯ ಜಿಡ್ಡನ್ನು ಬಿಟ್ಟು ಕಾಗದಕ್ಕೆ ಹತ್ತಿತ್ತು. ಫೆಬ್ರವರಿಯಲ್ಲಿ ಬ್ಯಾರಕ್‌ಪುರದಲ್ಲಿ ನಡೆದ ವಿಚಾರಣೆಯಲ್ಲಿ ಸಿಪಾಯಿಗಳು ಕಾಗದ ಹೊಳೆಯುತ್ತದೆ, ಸುಟ್ಟರೆ ಕೊಬ್ಬಿದ್ದಂತೆ ಚಟಪಟ ಎನ್ನುತ್ತದೆ ಎಂದರು. ಸರ್ಕಾರದ ರಸಾಯನ ಪರೀಕ್ಷಕ ಕಾಗದದಲ್ಲಿ ಕೊಬ್ಬಿಲ್ಲವೆಂದು ವರದಿ ಕೊಟ್ಟ. ಅದರಿಂದ ಏನೂ ಆಗಲಿಲ್ಲ.

ಮುಂದಿನ ಎರಡು ನಿರಾಕರಣೆಗಳೇ ತಾತ್ವಿಕವಾಗಿ ಮುಖ್ಯವಾದವು. ಫೆಬ್ರವರಿ 26ರಂದು ಬೆರ್ಹಾಂಪುರದಲ್ಲಿ 19ನೇ ಪದಾತಿ ದಳ ತೋಟಾದ ಕೇಪುಗಳನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ. ಅಲ್ಲಿದ್ದವು ಹೊಸ ರೈಫಲ್ಲಿನ ತೋಟಾಗಳಲ್ಲ. ಹಳೆಯ ನುಣುಪು ನಳಿಗೆಯ ಮಸ್ಕೆಟ್ಟಿಗೆ ಬೇಕಾದ, ಗುಂಡೇ ಇಲ್ಲದ ಖಾಲಿ ಈಡಿನವು. ಏಪ್ರಿಲ್ 24ರಂದು ಮೀರತ್‌ನಲ್ಲಿ 3ನೇ ಲಘು ಕುದುರೆ ದಳದ 90 ಮಂದಿಯನ್ನು ನಿಲ್ಲಿಸಿ, ಹಲ್ಲಿನಿಂದ ಕಚ್ಚದೆ ಬೆರಳಿನಿಂದ ಹರಿಯುವ ಹೊಸ ಕವಾಯತು ತೋರಿಸಲು ಕರ್ನಲ್ ಕಾರ್ಮೈಕಲ್ ಸ್ಮಿತ್ ಮುಂದಾದ. ಕೊಟ್ಟದ್ದು ಅವರು ವರ್ಷಗಳಿಂದ ಬಳಸುತ್ತಿದ್ದ ಹಳೆಯ ಗಿಡ್ಡ ಕಾರ್ಬೈನಿನ ತೋಟಾಗಳನ್ನೇ. 85 ಮಂದಿ ಮುಟ್ಟಲಿಲ್ಲ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದರು. ದೇಶೀ ಅಧಿಕಾರಿಗಳೇ ಕುಳಿತಿದ್ದ ಸೈನಿಕ ನ್ಯಾಯಾಲಯ ಅವರಿಗೆ ಶಿಕ್ಷೆ ಕೊಟ್ಟಿತು. ಮೇ 9ರಂದು ಕವಾಯತು ಮೈದಾನದಲ್ಲಿ ಬೇಡಿ ತೊಡಿಸಲಾಯಿತು, ಮರುದಿನ ಮೀರತ್ ಎದ್ದಿತು.

ಹೀಗೆ ಕೊಬ್ಬಿದ್ದಾಗ ಮೈಲಿಗೆ ಇಲ್ಲ, ಕೊಬ್ಬಿಲ್ಲದಾಗ ಮೈಲಿಗೆ. ಇದನ್ನು ಮೂಢನಂಬಿಕೆ ಎಂದು ಬದಿಗಿಡುವುದು ಸುಲಭ, ಹತ್ತೊಂಬತ್ತನೆಯ ಶತಮಾನದ ಬಹುಪಾಲು ಬ್ರಿಟಿಷ್ ಬರಹಗಾರರು ಹಾಗೆಯೇ ಮಾಡಿದರು. ಧರ್ಮಶಾಸ್ತ್ರದ ಗ್ರಂಥಗಳನ್ನು ತೆರೆದರೆ ಸಂಗತಿ ಅಷ್ಟು ಸರಳವಲ್ಲ. ತಿನ್ನಬಾರದ್ದು ಏಕೆ ತಿನ್ನಬಾರದ್ದಾಗುತ್ತದೆ ಎಂಬುದಕ್ಕೆ ಅವು ಒಂದೇ ಕಾರಣ ಕೊಡುವುದಿಲ್ಲ. ಹುಟ್ಟಿನಿಂದಲೇ ನಿಷಿದ್ಧವಾದದ್ದು ಉಂಟು, ಹಳಸಿ ಕೆಟ್ಟದ್ದು ಉಂಟು, ಬೇರೆಯದರ ಸಂಸರ್ಗದಿಂದ ಕೆಟ್ಟದ್ದು ಉಂಟು. ಇವುಗಳ ಜೊತೆಗೆ, ನೋಡಿದವನ ಮನಸ್ಸಿಗೆ ಹೇಸಿಕೆ ಅಥವಾ ಸಂಶಯ ಹುಟ್ಟಿಸಿದ್ದೂ ಒಂದು ವರ್ಗ. ಮನಸ್ಸು ಒಪ್ಪದ ಅನ್ನ ಬೇರೆ ದೋಷವಿಲ್ಲದಿದ್ದರೂ ದುಷ್ಟವೇ. ಶಾಸ್ತ್ರಕಾರರು ಮೈಲಿಗೆಯನ್ನು ಕಣ್ಣಿಗೆ ಕಾಣದ ಒಂದು ಕೊಳೆಯೆಂದಷ್ಟೇ ಎಣಿಸಿದ್ದರೆ ಇಂಥ ವರ್ಗದ ಅಗತ್ಯವೇ ಇರಲಿಲ್ಲ.

ಅರಿವಿನ ಪಾತ್ರವೂ ಅಲ್ಲಿ ಸ್ಪಷ್ಟ. ಮನುಸ್ಮೃತಿಯ ಐದನೆಯ ಅಧ್ಯಾಯ ಊರಹಂದಿಯ ಮಾಂಸವನ್ನು ಗೊತ್ತಿದ್ದೂ ತಿಂದ ದ್ವಿಜ ಪತಿತನಾಗುತ್ತಾನೆ ಎನ್ನುತ್ತದೆ. ಅದರ ಮುಂದಿನ ಶ್ಲೋಕವೇ, ಗೊತ್ತಿಲ್ಲದೆ ತಿಂದವನಿಗೆ ಕೃಚ್ಛ್ರ ಚಾಂದ್ರಾಯಣಗಳಂಥ ಪ್ರಾಯಶ್ಚಿತ್ತ ಹೇಳಿ ಮುಗಿಸುತ್ತದೆ. ವಸ್ತು ಒಂದೇ, ಹೊಟ್ಟೆಗೆ ಹೋದದ್ದೂ ಅದೇ, ಫಲದಲ್ಲಿ ಅಜಗಜಾಂತರ. ಅದೇ ಅಧ್ಯಾಯದ ಇನ್ನೊಂದು ಕಡೆ ಶುದ್ಧವೆಂದು ದೇವತೆಗಳು ಗೊತ್ತುಮಾಡಿದ ಮೂರರ ಮಾತು ಬರುತ್ತದೆ: ದೋಷ ಕಣ್ಣಿಗೆ ಬೀಳದಿದ್ದದ್ದು, ನೀರಿನಿಂದ ತೊಳೆದದ್ದು, ಒಳ್ಳೆಯದೆಂದು ಬಾಯಿಮಾತಿನಿಂದ ಹೊಗಳಿಸಿಕೊಂಡದ್ದು. ಇದು ವ್ಯವಹಾರ ಬಲ್ಲವರ ಮಾತು. ಬಾವಿಯ ನೀರು, ಗಾಣದ ಎಣ್ಣೆ, ಸಂತೆಯ ಬೆಲ್ಲ ಯಾರ ಕೈದಾಟಿ ಬಂದವು ಎಂದು ಅಗೆಯುತ್ತ ಹೋದರೆ ಯಾರೂ ಊಟ ಮಾಡುವಂತಿಲ್ಲ. 1853ರ ಸಿಪಾಯಿ ಮೊದಲನೆಯ ನಿಯಮದ ನೆರಳಿನಲ್ಲಿದ್ದ. ಕಾಣದ ದೋಷ ದೋಷವಲ್ಲ.

ಸಂಶಯ ಒಮ್ಮೆ ಎದ್ದ ಮೇಲೆ ಆ ನೆರಳು ಉಳಿಯುವುದಿಲ್ಲ. ಆಗ ಬೇಕಾದದ್ದು ಮೂರನೆಯದು, ಯಾರಾದರೂ ಇದು ಶುದ್ಧವೆಂದು ಹೇಳುವುದು. ಯಾರು ಹೇಳಬೇಕು? ಸಂಶಯ ಬಂದಾಗ ಬ್ರಾಹ್ಮಣರ ಮಾತಿನಿಂದ ಅದು ಪರಿಹಾರವಾಗುತ್ತದೆ ಎಂದು ವ್ಯಾಖ್ಯಾನಕಾರರು ಬಿಡಿಸುತ್ತಾರೆ. ತೋಟಾದ ವಿಷಯದಲ್ಲಿ ಆ ಮಾತನ್ನು ಹೇಳಲು ಹೊರಟದ್ದು ಕಂಪನಿ.

ಇಸ್ಲಾಮಿನ ಕಡೆಯಿಂದ ನೋಡಿದರೂ ನಿಷೇಧ ಒಂದೇ ಎಳೆಯದಲ್ಲ. ಹಂದಿಮಾಂಸವನ್ನು ನಿಷೇಧಿಸುವ ಕುರ್‌ಆನಿನ ವಾಕ್ಯವೇ, ಬೇರೆ ದಾರಿಯಿಲ್ಲದೆ ತಿಂದವನ ಮೇಲೆ ಪಾಪವಿಲ್ಲವೆಂದೂ ಹೇಳುತ್ತದೆ. ಉತ್ತರ ಭಾರತದ ಮುಸಲ್ಮಾನರಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ನ್ಯಾಯಪಂಥ, ನಿಷಿದ್ಧ ವಸ್ತು ಪೂರ್ತಿ ಮಾರ್ಪಟ್ಟು ಬೇರೆಯೇ ವಸ್ತುವಾದರೆ ಅದರ ನಿಷೇಧವೂ ಕಳೆಯುತ್ತದೆಂದು ಒಪ್ಪುತ್ತದೆ. ಕೊಬ್ಬು ಸಾಬೂನಾದದ್ದು ಇದರ ಹಳೆಯ ಉದಾಹರಣೆ. ತೋಟಾದ ಕೊಬ್ಬು ಕೊಬ್ಬಾಗಿಯೇ ಉಳಿದಿತ್ತು, ಹೊಟ್ಟೆಗಿಲ್ಲದ ಆಪತ್ತೂ ಅಲ್ಲಿರಲಿಲ್ಲ. ಎರಡು ಬಾಗಿಲೂ ಮುಚ್ಚಿದ್ದವು.

ಮಾರ್ಪಾಟಿನ ಮಾತು ಬಂದಾಗ ಮದ್ದಿನ ಹುಟ್ಟನ್ನೂ ನೆನೆಯಬೇಕು, ಏಕೆಂದರೆ ಅದರ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ಬ್ರಿಟಿಷ್ ಮದ್ದಿನ ಪೆಟ್ಲುಪ್ಪು ಬಹುಪಾಲು ಬಿಹಾರದ್ದು. ನೋನಿಯಾ ಜಾತಿಯವರು ಹಳ್ಳಿಗಳ ಹಳೆಯ ಗೋಡೆಬುಡ, ದನದ ಕೊಟ್ಟಿಗೆ, ಗಂಜಲ ಸಗಣಿ ಇಂಗಿದ ನೆಲದ ಮಣ್ಣು ಕೆರೆದು, ನೀರಿನಲ್ಲಿ ಸೋಸಿ, ಕಾಯಿಸಿ ಅದನ್ನು ತೆಗೆಯುತ್ತಿದ್ದರು. ತೋಟಾ ಕಚ್ಚಿದ ಪ್ರತಿಸಲವೂ ಒಂದೆರಡು ಕಾಳು ಮದ್ದು ನಾಲಗೆಗೆ ಬೀಳುತ್ತಿತ್ತು. ಉಪ್ಪುಪ್ಪಾದ ಆ ರುಚಿ, ಅದರಿಂದ ಹತ್ತುವ ಬಾಯಾರಿಕೆ, ಕರಿಯಾದ ತುಟಿ ಆ ಕಾಲದ ಎಲ್ಲ ಸೈನಿಕರಿಗೂ ಪರಿಚಿತ. ಬಿಹಾರದ ರಜಪೂತ ಸಿಪಾಯಿ ತನ್ನ ಊರ ಕೊಟ್ಟಿಗೆಯ ನೆಲದ ಸಾರವನ್ನು ದಶಕಗಳ ಕಾಲ ಬಾಯಿಗೆ ಹಾಕಿಕೊಂಡ, ಮೈಲಿಗೆಯಾಗಲಿಲ್ಲ. ಚರ್ಮದ್ದೂ ಅದೇ ಕಥೆ: ಸತ್ತ ದನದ ಚರ್ಮದ ಪಟ್ಟಿ ಸೊಂಟಕ್ಕೆ, ಚರ್ಮದ ಕುಪ್ಪಿಯ ತುಪ್ಪ ಅನ್ನಕ್ಕೆ. ಕನ್ನಡನಾಡಿನಲ್ಲಿ ಚರ್ಮದ ಬುದ್ದಲಿಯ ಎಣ್ಣೆಯನ್ನೂ ಕಪಿಲೆ ಎತ್ತಿದ ನೀರನ್ನೂ ಬಳಸಿದವರಿಗೆ ಇದು ಹೊಸದಲ್ಲ. ಮೈಲಿಗೆ ವಸ್ತುವಿನ ಗುಣವೇ ಆಗಿದ್ದರೆ ಈ ಪಟ್ಟಿ ವಿವರಿಸಲಾಗದ ಗೊಂದಲ. ಇದು ಬೂಟಾಟಿಕೆಯೆನ್ನುವವರೂ ಇದ್ದಾರೆ. ಅದಕ್ಕಿಂತ ಹೆಚ್ಚು ನ್ಯಾಯವಾದ ವಿವರಣೆ ಹೀಗಿದೆ: ಸಮುದಾಯ ಬಹುಕಾಲದಿಂದ ನೋಡಿ, ಬಳಸಿ, ಪರವಾಗಿಲ್ಲ ಎಂದು ಒಪ್ಪಿದ ವಸ್ತು ಆ ಒಪ್ಪಿಗೆಯಿಂದಲೇ ಶುದ್ಧ. ಹೊಸ ವಸ್ತುವಿಗೆ ಅಂಥ ಒಪ್ಪಿಗೆ ಇರುವುದಿಲ್ಲ.

ಸಮುದಾಯದ ಈ ತೀರ್ಪು ಎಷ್ಟು ಕಠಿಣ ಎಂಬುದಕ್ಕೆ ಅಂಬಾಲಾದ ಪ್ರಸಂಗ ಸಾಕ್ಷಿ. ಮಾರ್ಚ್‌ನಲ್ಲಿ 36ನೇ ಪದಾತಿ ದಳ ಅಲ್ಲಿಗೆ ಬಂದಾಗ, ತರಬೇತಿ ಕೇಂದ್ರದಲ್ಲಿದ್ದ ಅದೇ ದಳದ ಇಬ್ಬರು ತಮ್ಮವರನ್ನು ಕಾಣಲು ಹೋದರು. ಅವರ ಕೈಯ ಲೋಟ ಹುಕ್ಕಾ ಮುಟ್ಟಲು ಸ್ವಂತ ದಳದ ಸುಬೇದಾರನೇ ಒಪ್ಪಲಿಲ್ಲ. ನೀವು ಕಿರಿಸ್ತಾನರಾದಿರಿ ಎಂದ. ಅವರು ಬಳಸಿದ್ದು ತಾವೇ ಹಚ್ಚಿಕೊಂಡ ತುಪ್ಪ ಮೇಣದ ತೋಟಾ. ಅಧಿಕಾರಿ ಮಾರ್ಟಿನೋನ ಮುಂದೆ ಬಂದು ಅವರಲ್ಲೊಬ್ಬ ಅತ್ತ. ತೋಟಾ ಶುದ್ಧವೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಪ್ರಯೋಜನವಾಗಲಿಲ್ಲ. ಊರಿಗೆ ಹೋದರೆ ಪಂಕ್ತಿಯಲ್ಲಿ ಎಲೆ ಹಾಕುವವರಿಲ್ಲ, ಮಗಳಿಗೆ ಗಂಡು ಕೊಡುವವರಿಲ್ಲ. ಅವಧ್ ಮತ್ತು ಬಿಹಾರದ ಬ್ರಾಹ್ಮಣ ರಜಪೂತ ಕುಟುಂಬಗಳಿಂದಲೇ ಹೆಚ್ಚಾಗಿ ತುಂಬಿದ್ದ ಬಂಗಾಳ ಸೈನ್ಯದಲ್ಲಿ ದಳದ ಸಾಲುಮನೆ ಎಂದರೆ ಊರಿನ ಇನ್ನೊಂದು ತುಂಡು. ಅಲ್ಲಿ ಹುಟ್ಟಿದ ಮಾತು ಇಲ್ಲಿಗೆ, ಇಲ್ಲಿನದು ಅಲ್ಲಿಗೆ ಹೋಗುತ್ತಿತ್ತು. ಒಬ್ಬನ ಪ್ರಾಯಶ್ಚಿತ್ತಕ್ಕೆ ಶಾಸ್ತ್ರದಲ್ಲಿ ದಾರಿಯಿದ್ದರೂ, ಸೈನ್ಯಕ್ಕೆ ಸೈನ್ಯವೇ ಪ್ರತಿದಿನ ಕಚ್ಚಬೇಕಾದ ವಸ್ತುವಿಗೆ ಯಾವ ಪ್ರಾಯಶ್ಚಿತ್ತ?

ಇಲ್ಲಿಗೆ ಪ್ರಶ್ನೆ ಮೈಲಿಗೆಯಿಂದ ಪ್ರಮಾಣದ ಕಡೆಗೆ ತಿರುಗುತ್ತದೆ. ತಾನೇ ಪರೀಕ್ಷಿಸಲಾಗದ ಸಂಗತಿಯಲ್ಲಿ ಇನ್ನೊಬ್ಬರ ಮಾತನ್ನು ಯಾವಾಗ ನಂಬಬೇಕು ಎಂಬುದನ್ನು ನ್ಯಾಯದರ್ಶನ ಬಹಳ ಹಿಂದೆಯೇ ವಿಚಾರಿಸಿದೆ. ಗೌತಮನ ಸೂತ್ರ ಆಪ್ತನ ಉಪದೇಶವನ್ನು ಪ್ರಮಾಣವೆನ್ನುತ್ತದೆ. ಆಪ್ತನೆಂದರೆ ಯಾರೆಂದು ಭಾಷ್ಯಕಾರ ವಾತ್ಸ್ಯಾಯನ ಹೇಳುತ್ತಾನೆ: ವಿಷಯವನ್ನು ತಾನು ನೇರವಾಗಿ ಕಂಡವನು, ಕಂಡದ್ದನ್ನು ಕಂಡಂತೆ ತಿಳಿಸುವ ಇಚ್ಛೆಯಿಂದ ಮಾತಾಡುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಅವನು ಸೇರಿಸುವುದು ಈ ಸಂದರ್ಭದಲ್ಲಿ ಬಹಳ ಬೆಲೆಯುಳ್ಳ ಮಾತು. ಹೇಳಿದವನು ಪರದೇಶಿ, ಬೇರೆ ಧರ್ಮದವನು ಎಂಬ ಒಂದೇ ಕಾರಣಕ್ಕೆ ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಅವನಿಗೆ ಗೊತ್ತಿರಬೇಕು, ಅವನು ಸುಳ್ಳಾಡಬಾರದು, ಅಷ್ಟೇ.

ಕಂಪನಿ ಈ ಎರಡರಲ್ಲೂ ಸೋತಿತ್ತು. ಅದಕ್ಕೆ ಗೊತ್ತಿರಲಿಲ್ಲ: ಗುತ್ತಿಗೆಯ ಕೊಬ್ಬು ಯಾವ ಪ್ರಾಣಿಯದೆಂದು ಕೇಳಿದರೆ ಉತ್ತರಿಸುವವರೇ ಇರಲಿಲ್ಲ. ಉದ್ದೇಶದ ಮೇಲಿನ ನಂಬಿಕೆಯೂ ಸವೆದಿತ್ತು. 1850ರ ಕಾನೂನು ಮತಾಂತರ ಹೊಂದಿದವನಿಗೂ ಪಿತ್ರಾರ್ಜಿತದ ಹಕ್ಕು ಉಳಿಸಿತ್ತು. 1856ರ ಸೇನಾ ನೇಮಕದ ನಿಯಮ ಹೊಸದಾಗಿ ಸೇರುವವರೆಲ್ಲ ಸಮುದ್ರ ದಾಟಲು ಒಪ್ಪಲೇಬೇಕೆಂದಿತು. ಬ್ಯಾರಕ್‌ಪುರದ 34ನೇ ದಳದ ಕರ್ನಲ್ ವೀಲರ್ ತಾನು ಸಿಪಾಯಿಗಳಿಗೂ ಕ್ರೈಸ್ತ ಧರ್ಮ ಬೋಧಿಸುತ್ತೇನೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ. ಇವುಗಳಲ್ಲಿ ಕೆಲವು ತಮ್ಮಷ್ಟಕ್ಕೆ ಒಳ್ಳೆಯ ಕಾನೂನುಗಳೇ ಇರಬಹುದು. ಸಾಕ್ಷಿಯಾಗಿ ನಿಲ್ಲುವಾಗ ಅವು ಹೇಳುವವನ ಮೇಲಿನ ನಂಬಿಕೆಯನ್ನು ತಿಂದುಹಾಕಿದವು. ಜೊತೆಗೆ ಜನವರಿಯಲ್ಲಿ ಜಿಡ್ಡು ಬದಲಿಸಿದ್ದು, ಮಾರ್ಚ್‌ನಲ್ಲಿ ಹಲ್ಲಿನ ಬದಲು ಬೆರಳು ಎಂದದ್ದು, ಒಂದೊಂದು ರಿಯಾಯಿತಿಯೂ ಹಿಂದಿನ ಸಂಶಯ ನಿಜವಿತ್ತೆಂಬ ಒಪ್ಪಿಗೆಯಂತೆ ಕೇಳಿಸಿತು. ರಸಾಯನ ಪರೀಕ್ಷಕನ ವರದಿ ಸತ್ಯವಾಗಿತ್ತು, ಆದರೆ ಸತ್ಯವಾದ ವಾಕ್ಯವೂ ಆಪ್ತನಲ್ಲದವನ ಬಾಯಲ್ಲಿ ಪ್ರಮಾಣವಾಗುವುದಿಲ್ಲ. ಮೀರತ್‌ನ 85 ಮಂದಿ ತೋಟಾದ ಬಗ್ಗೆ ತಪ್ಪಿದ್ದರು. ತೋಟಾ ಕೊಟ್ಟವರ ಮಾತನ್ನು ನಂಬದಿರುವುದರಲ್ಲಿ ಅವರು ತರ್ಕ ತಪ್ಪಿರಲಿಲ್ಲ.

ಸಿಪಾಯಿಯ ಪರವಾಗಿ ಇಷ್ಟು ಹೇಳಿದ ಮೇಲೆ ದಮ್‌ದಮ್‌ನ ತಂಬಿಗೆಯ ಕಡೆಗೆ ನೋಡದೆ ಗತಿಯಿಲ್ಲ. ದುಡಿದು ಬಾಯಾರಿದವನಿಗೆ ನೀರು ಕೊಡದಂತೆ ತಡೆದ ಮಡಿಯೇ ಕಂಪನಿಯ ತೋಟಾವನ್ನೂ ತಡೆಯಿತು. ಆ ಆಳಿನ ಹೆಸರನ್ನು ಯಾವ ವರದಿಯೂ ಬರೆದಿಡಲಿಲ್ಲ. ಛಾಂದೋಗ್ಯ ಉಪನಿಷತ್ತಿನ ಉಷಸ್ತಿ ಚಾಕ್ರಾಯಣ ಮಡಿಯನ್ನು ಬೇರೆ ಬಗೆಯಲ್ಲಿ ಅರಿತಿದ್ದ. ಆಲಿಕಲ್ಲಿನಿಂದ ಕುರುದೇಶದ ಬೆಳೆ ಹಾಳಾದಾಗ ಅವನು ಆನೆಯವನೊಬ್ಬ ತಿನ್ನುತ್ತಿದ್ದ ಕಾಳಿನ ಎಂಜಲನ್ನೇ ಬೇಡಿ ತಿಂದ. ಅವನ ಎಂಜಲು ನೀರನ್ನು ಮಾತ್ರ ಬೇಡವೆಂದ. ಕಾಳು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರು ಎಲ್ಲಿ ಬೇಕಾದರೂ ಸಿಗುತ್ತದೆ ಎಂಬುದು ಅವನ ವಿವರಣೆ. ಇಲ್ಲಿ ಎಂಜಲು ಎಂಜಲೇ, ಆದರೆ ಬದುಕು ಅದಕ್ಕಿಂತ ದೊಡ್ಡದು. ಹನ್ನೆರಡನೆಯ ಶತಮಾನದ ಶರಣರು ಇದಕ್ಕಿಂತ ಬಹಳ ದೂರ ಹೋದರು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಲಿಂಗವಂತನಿಗೆ ಇಲ್ಲವೆಂದು ಅಳಿಸಿದರು. ಅವರ ನಿಲುವಿನಿಂದ ನೋಡಿದರೆ ತೋಟಾದ ಪ್ರಶ್ನೆ ಹುಟ್ಟುವುದೇ ಇಲ್ಲ. ಆದರೂ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ತಾನಾಗಿ ಸೂತಕ ಬಿಡುವುದು ಬೇರೆ, ಸಂಬಳ ಕೊಡುವವನು ಬಿಡಿಸುವುದು ಬೇರೆ. ಶರಣರು ಬಿಟ್ಟದ್ದು ಮೊದಲನೆಯ ರೀತಿ; ಕಂಪನಿ ಮಾಡಿಸಹೊರಟಿದೆ ಎಂದು ಸಿಪಾಯಿ ಭಯಪಟ್ಟದ್ದು ಎರಡನೆಯದು.

ದಕ್ಷಿಣದಲ್ಲಿ ಇಂಥದೇ ಭಯ ಅರ್ಧ ಶತಮಾನ ಮೊದಲೇ ಕಾಣಿಸಿಕೊಂಡಿತ್ತು. 1806ರ ಜುಲೈ 10ರಂದು, ಟಿಪ್ಪುವಿನ ಮಕ್ಕಳು ಬಂದಿಯಾಗಿದ್ದ ವೆಲ್ಲೂರು ಕೋಟೆಯಲ್ಲಿ ಮದ್ರಾಸ್ ಸೈನ್ಯದ ಸಿಪಾಯಿಗಳು ಎದ್ದರು. ಚರ್ಮದ ಪಟ್ಟಿಯಿದ್ದ ಹೊಸ ರುಮಾಲು, ಕವಾಯತಿನಲ್ಲಿ ನಾಮ ವಿಭೂತಿಗೆ ನಿಷೇಧ, ಗಡ್ಡಕ್ಕೆ ಕತ್ತರಿ ಅದರ ಕಾರಣಗಳಲ್ಲಿದ್ದವು. 1857ರಲ್ಲಿ ಮಾತ್ರ ಮದ್ರಾಸ್ ಸೈನ್ಯ ಬಹುಮಟ್ಟಿಗೆ ಸುಮ್ಮನಿತ್ತು. ಅದರಲ್ಲಿ ಹಲವು ಜಾತಿಯವರು ಬೆರೆತಿದ್ದರು, ಹೆಂಡತಿ ಮಕ್ಕಳು ದಳದ ಜೊತೆಗೇ ಇರುತ್ತಿದ್ದರು. ತೀರ್ಪು ಕೊಡುವ ಒಂದೇ ಪಂಕ್ತಿ ಅಲ್ಲಿರಲಿಲ್ಲ. ಕನ್ನಡನಾಡಿನಲ್ಲಿ ಆ ವರ್ಷ ಕೋವಿಯ ಹೆಸರಲ್ಲಿ ನಡೆದ ಹೋರಾಟಕ್ಕೆ ಮೈಲಿಗೆ ಕಾರಣವಲ್ಲ. ನವೆಂಬರಿನಲ್ಲಿ ಮುಧೋಳ ಬಳಿಯ ಹಲಗಲಿಯ ಬೇಡರು ಸಿಡಿದದ್ದು ಹತಾರ ಒಪ್ಪಿಸಬೇಕೆಂಬ ಹುಕುಮಿಗೆ. ಅವರ ಸೋಲು, ಗಲ್ಲು ಲಾವಣಿಗಳಲ್ಲಿ ಉಳಿದಿವೆ. ಕೊಡಗಿನವರನ್ನು 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ನಿಶ್ಶಸ್ತ್ರೀಕರಣದ ಕಾನೂನಿನಿಂದ ಹೊರಗಿಟ್ಟ. ಅಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ಬಾಯಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಬಂಗಾಳದ ಸಿಪಾಯಿಗೆ ಕೋವಿ ಸರ್ಕಾರದ್ದು, ಬಾಯಿ ತನ್ನದು. ಬೇಡನಿಗೂ ಕೊಡವನಿಗೂ ಕೋವಿಯೂ ತನ್ನದೇ.

ತೋಟಾದ ತಾಂತ್ರಿಕ ಕಥೆ ಬೇಗ ಮುಗಿಯಿತು. ಕೊಬ್ಬು ಸೀಸವನ್ನು ತಿನ್ನುತ್ತದೆ, ಬಿಸಿಲಿಗೆ ಕರಗುತ್ತದೆ ಎಂದು ಕಂಡುಕೊಂಡ ಇಂಗ್ಲೆಂಡಿನ ಶಸ್ತ್ರಾಗಾರಗಳು ಕೆಲವೇ ವರ್ಷಗಳಲ್ಲಿ ಜೇನುಮೇಣಕ್ಕೆ ಬಂದವು. ಅಂದರೆ ಹಸು ಹಂದಿಯ ಮಾತನ್ನು ಪೂರ್ತಿ ಮರೆತು ಬರೀ ಗುರಿ ಮಸಿಯ ದೃಷ್ಟಿಯಿಂದ ನೋಡಿದ್ದರೂ ಮೇಣವೇ ಸರಿಯಾದ ಆಯ್ಕೆಯಾಗಿತ್ತು. 1866ರಲ್ಲಿ ಎನ್‌ಫೀಲ್ಡ್‌ಗಳನ್ನು ಹಿಂಬದಿಯಿಂದ ತುಂಬುವ ಸ್ನೈಡರ್‌ಗಳಾಗಿ ಮಾರ್ಪಡಿಸಿದಾಗ ಬಾಕ್ಸರ್ ತೋಟಾ ಬಂತು. ಮದ್ದು, ಗುಂಡು, ಜಿಡ್ಡು ಮೂರೂ ಹಿತ್ತಾಳೆಯ ತಗಡಿನ ಕವಚದ ಒಳಗೆ. ಕಚ್ಚುವುದೂ ಇಲ್ಲ, ಹರಿಯುವುದೂ ಇಲ್ಲ.

ಪ್ರಶ್ನೆ ತೋಟಾವನ್ನು ಬಿಟ್ಟು ಅನ್ನದ ಕಡೆಗೆ, ಔಷಧಿಯ ಕಡೆಗೆ ನಡೆಯಿತು. ಕಾರ್ಖಾನೆಯಿಂದ ಬರುವ ಆಹಾರದ ಒಳಗೇನಿದೆ ಎಂದು ತಿನ್ನುವವನು ತಾನೇ ಪರೀಕ್ಷಿಸಲಾರ. ಭಾರತದಲ್ಲಿ ಪೊಟ್ಟಣದ ಮೇಲಿನ ಹಸಿರು ಗುರುತನ್ನು ಕಡ್ಡಾಯ ಮಾಡಿದ ಕಾನೂನು ನಂಬಬಹುದಾದ ಮಾತನ್ನು ಒದಗಿಸುವ ಹೊಣೆಯನ್ನು ತಯಾರಕನ ಮೇಲೆ ಹೊರಿಸಿತು. ಮಾಂಸದಿಂದಲೋ ಮೀನಿನಿಂದಲೋ ತೆಗೆಯಬಹುದಾದ ಡೈಸೋಡಿಯಂ ಇನೋಸಿನೇಟ್ ಎಂಬ ರುಚಿವರ್ಧಕ ಬರೀ ಸಂಕೇತಸಂಖ್ಯೆಯ ಮರೆಯಲ್ಲಿ ಹಸಿರು ಗುರುತಿನ ಪೊಟ್ಟಣ ಸೇರುತ್ತಿದೆ ಎಂಬ ದೂರು ದೆಹಲಿ ಹೈಕೋರ್ಟಿನ ಮುಂದೆ ಬಂತು. ಪ್ರತಿಯೊಂದು ಘಟಕವೂ ಸಸ್ಯದಿಂದ ಬಂದದ್ದೋ ಪ್ರಾಣಿಯಿಂದ ಬಂದದ್ದೋ ಎಂದು ಬರೆಯಲೇಬೇಕು, ಅದು ಎಷ್ಟು ಅಲ್ಪವಾದರೂ ವಿನಾಯಿತಿಯಿಲ್ಲ ಎಂದು ನ್ಯಾಯಾಲಯ 2021ರ ಡಿಸೆಂಬರಿನಲ್ಲಿ ಹೇಳಿತು.